ಚನ್ನವೀರನ ಎರಡನೇ ಫೋಟೋ

ರಾಜಾಜಿನಗರ, ಬೆಂಗಳೂರು
೨೪ ಜುಲೈ ೧೯೭೭

ಪ್ರೀತಿಯ ಜಯೀ,

ನಿನ್ನ ಕಾಗದ ಬಂದು ಎಷ್ಟು ದಿನವಾಯಿತೆಂದು ಎಣಿಸಿ ನನ್ನನ್ನು ಬೈಯಬೇಡ. ದಿನಾ ಬೆಳಗ್ಗೆ ಇವತ್ತು ಬರೆದೇ ತೀರುತ್ತೇನೆ ಎಂದುಕೊಳ್ಳುತ್ತೇನೆ, ಸಂಜೆಗೆ ನೋಡಿದರೆ ಕೈಯಲ್ಲಿ ಪೆನ್ನಿನ ಬದಲು ಸೌಟು ಇರುತ್ತದೆ. ಸ್ಟುಡಿಯೋದಲ್ಲಿ ಮದುವೆ ಫೋಟೋಗಳ ಕೆಲಸ ಇನ್ನೂ ಮುಗಿದಿಲ್ಲ ಎಂದು ನೆಪ ಹೇಳಬಹುದಿತ್ತು. ನಿನ್ನ ಹತ್ತಿರ ಯಾಕೆ ಸುಳ್ಳು? ಬರೆಯಬೇಕಾದ ವಿಷಯಕ್ಕೆ ಹೆದರಿ ತಡಮಾಡಿದೆ. ಶುರು ಮಾಡಿದ್ದನ್ನು ಹರಿದೂ ಹಾಕಿದೆ. ನಮ್ಮ ಯಜಮಾನರು ಆ ಚೂರುಗಳನ್ನು ನೋಡಿ, "ಏನೇ ಅಂಬುಜಾ, ಈ ವಯಸ್ಸಲ್ಲಿ ಪ್ರೇಮಪತ್ರ ಬರೀತಿದ್ಯಾ?" ಎಂದರು. "ಹೌದು, ಆದ್ರೆ ನಿಮಗಲ್ಲ" ಎಂದೆ.

ಮೊದಲು ನೀನು ಕೇಳಿದ್ದಕ್ಕೆಲ್ಲ ಉತ್ತರ. ನಿಮ್ಮಮ್ಮ ಗಟ್ಟಿಯಾಗಿದ್ದಾರೆ. ಮಂಡಿನೋವು ಇದೆ, ಅದಕ್ಕೆ ಹಚ್ಚುವ ಎಣ್ಣೆಯ ವಾಸನೆ ನಮ್ಮ ಅಡುಗೆಮನೆವರೆಗೂ ಬರುತ್ತದೆ. ನಿನ್ನ ಮಗಳಿಗೆ ಹಲ್ಲು ಬಂದ ಸುದ್ದಿಯನ್ನು ವಠಾರಕ್ಕೆಲ್ಲ ಹಂಚಿದರು, ನಲ್ಲಿ ಮುಂದೆ ಕೊಡ ಹಿಡಿದು ನಿಂತವರು ಯಾರೂ ತಪ್ಪಿಸಿಕೊಳ್ಳಲಾಗಲಿಲ್ಲ. ಊಟ ಸರಿಯಾಗಿ ಮಾಡುತ್ತಾರೆ. ಮಾಡದಿದ್ದರೆ ನಾನು ಬಿಡುವವಳಲ್ಲ ಎಂದು ನಿನಗೂ ಗೊತ್ತು, ಅವರಿಗೂ ಗೊತ್ತು. ಬೆಳಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ಚನ್ನವೀರನ ಫೋಟೋಗೆ ಹೂವಿಟ್ಟು ಅದರ ಮುಂದೆ ಕೂತು ಮಗನ ಜೊತೆ ಮಾತಾಡುತ್ತಾರೆ. ಅಕ್ಕಿ ಎಷ್ಟಾಯಿತು, ಯಾರ ಮನೆಯಲ್ಲಿ ಜಗಳವಾಯಿತು, ನಿನ್ನ ಕಾಗದದಲ್ಲಿ ಏನಿದೆ, ಎಲ್ಲವನ್ನೂ ಅವನಿಗೆ ಒಪ್ಪಿಸಬೇಕು. "ಹೆಂಗೆ ನೋಡ್ತಾನೆ ನೋಡವ್ವಾ ಅಂಬುಜಾ, ಎಲ್ಲಾ ಕೇಳಿಸ್ಕೋತಾನೆ" ಅನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ.

ಆ ಫೋಟೋದ ವಿಷಯವನ್ನೇ ಈಗ ಬರೆಯಬೇಕು. ಅದರ ಇನ್ನೊಂದು ಪ್ರತಿ ನಿನ್ನ ಮನೆಯ ಗೋಡೆಯ ಮೇಲೂ ಇದೆ. ಕೂತು ಓದು. ಪುಟ್ಟಿಯನ್ನು ನಿಮ್ಮತ್ತೆಯ ಕೈಗೆ ಕೊಟ್ಟು ಓದು.

ನನ್ನ ಕೆಲಸವನ್ನು ನೀನು ಲಂಗ ಉಡುವ ವಯಸ್ಸಿನಿಂದ ನೋಡಿದ್ದೀಯ. ಇವರು ಫೋಟೋ ತೆಗೆದು, ಕತ್ತಲೆ ಕೋಣೆಯಲ್ಲಿ ತೊಳೆದು, ನೆಗೆಟಿವ್ ತಂದು ಕೊಡುತ್ತಾರೆ. ನಾನು ಕಿಟಕಿ ಬಳಿ ಡೆಸ್ಕಿನ ಮೇಲೆ ಅದನ್ನಿಟ್ಟುಕೊಂಡು ಚೂಪು ಪೆನ್ಸಿಲ್ಲಿನಿಂದ ಮುಖ ತಿದ್ದುತ್ತೇನೆ. ನೆಗೆಟಿವಿನ ಮೇಲೆ ಕಪ್ಪು ಹಚ್ಚಿದರೆ ಫೋಟೋದಲ್ಲಿ ಬೆಳ್ಳಗಾಗುತ್ತದೆ, ಸಣ್ಣ ಚಾಕುವಿನಿಂದ ಕೆರೆದರೆ ಕಪ್ಪಗಾಗುತ್ತದೆ, ನಮ್ಮದು ಎಲ್ಲವೂ ತಲೆಕೆಳಗಾದ ಉದ್ಯೋಗ. ಮೊಡವೆ ಹೋಗುತ್ತದೆ, ಸಿಡುಬಿನ ಕಲೆ ಹೋಗುತ್ತದೆ, ಗಂಡಿನ ಕಡೆಯವರಿಗೆ ಕಳಿಸುವ ಹುಡುಗಿ ಒಂದು ಸುತ್ತು ಬೆಳ್ಳಗಾಗುತ್ತಾಳೆ. ರಾಜಾಜಿನಗರದಲ್ಲಿ ಆದ ಅರ್ಧ ಮದುವೆಗಳು ನನ್ನ ಪೆನ್ಸಿಲ್ಲಿನಿಂದ ಆದವು ಎಂದು ಇವರು ಕೆಣಕುತ್ತಾರೆ. ಯಾರೂ ಬಂದು ನೀನು ಮೋಸ ಮಾಡಿದೆ ಎಂದು ಜಗಳಕ್ಕೆ ನಿಂತಿಲ್ಲ.

ಎಮರ್ಜೆನ್ಸಿಯ ಕಾಲದಲ್ಲಿ ಸರ್ಕಾರದ ಕೆಲಸವೂ ನನ್ನ ಡೆಸ್ಕಿಗೆ ಬಂತು. ಕೆಂಗೇರಿ ಕಡೆ ಗಂಡಸರಿಗೆ ಮಕ್ಕಳಾಗದ ಹಾಗೆ ಮಾಡುವ ಒಂದು ಆಪರೇಷನ್ ಶಿಬಿರ ನಡೆದಿತ್ತು. ಇವರನ್ನು ಕರೆದುಕೊಂಡು ಹೋಗಿ ಫೋಟೋ ತೆಗೆಸಿದರು. ಬೆಂಚಿನ ಮೇಲೆ ಸಾಲಾಗಿ ಕೂತ ಗಂಡಸರು, ಒಬ್ಬೊಬ್ಬರ ತೊಡೆಯ ಮೇಲೂ ಒಂದೊಂದು ಪ್ಲಾಸ್ಟಿಕ್ ಬಕೆಟ್ಟು. ಒಬ್ಬನ ಮುಖದಲ್ಲೂ ಕಳೆಯಿಲ್ಲ. ಪ್ರದರ್ಶನಕ್ಕೆ ಹಾಕಬೇಕು, ಸ್ವಲ್ಪ ನಗಿಸಿ ಎಂದು ಸಾಹೇಬರು ಹೇಳಿಕಳಿಸಿದರು. ತುಟಿಯ ಅಂಚನ್ನು ಒಂದಿಷ್ಟು ಮೇಲೆತ್ತಿ ಅವರನ್ನೆಲ್ಲ ನಗಿಸಿದೆ. ಆ ವರ್ಷ ಬೆಂಗಳೂರಿನಲ್ಲಿ ನಕ್ಕವರಲ್ಲಿ ಸುಮಾರು ಜನ ನನ್ನ ಕೈಯಿಂದ ನಕ್ಕವರೇ. ಸಾಹೇಬರಿಗೆ ಬಹಳ ಸಂತೋಷವಾಯಿತಂತೆ, ಮತ್ತೆ ಕೆಲಸ ಕೊಟ್ಟರು.

ಅದೇ ವರ್ಷ ಚನ್ನವೀರನನ್ನು ಕರೆದುಕೊಂಡು ಹೋದರು. ಕಾರ್ಖಾನೆ ಯೂನಿಯನ್ನಿನ ಕರಪತ್ರ ಹಂಚಿದನೆಂದು ಗೇಟಿನ ಹತ್ತಿರವೇ ಹಿಡಿದದ್ದು, ಮೂರನೆಯ ದಿನ ಹೆಣವಾಗಿ ಮನೆಗೆ ಬಂದದ್ದು ನಿನಗೆ ಗೊತ್ತು. ಎದೆ ನಿಂತುಹೋಯಿತು ಎಂದು ಪೊಲೀಸರು ಹೇಳಿದ್ದನ್ನೇ ನಿನಗೂ ಬರೆದೆವು. ನೀನು ಹಸಿ ಬಾಣಂತಿ, ರಾಣೆಬೆನ್ನೂರಿನಿಂದ ಬರುವ ಹಾಗಿರಲಿಲ್ಲ. ಕಾಗದಗಳನ್ನು ಒಡೆದು ಓದುತ್ತಾರೆಂಬ ಭಯ ಬೇರೆ ಇತ್ತು. ಆ ದಿನ ಇಲ್ಲಿ ಏನು ನೋಡಿದೆವೆಂದು ನಿನಗೆ ಯಾರೂ ಬರೆಯಲಿಲ್ಲ, ಈಗ ನಾನು ಬರೆಯುತ್ತಿದ್ದೇನೆ.

ನಿಮ್ಮವರ ಪದ್ಧತಿಯಂತೆ ಅವನಿಗೆ ಸ್ನಾನ ಮಾಡಿಸಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಪೇಟ ಕಟ್ಟಿ, ಹಣೆ ತುಂಬ ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಇಟ್ಟಿದ್ದರು. ಗಲ್ಲಿಯ ತುದಿಯಲ್ಲಿ ಮಫ್ತಿಯವರು ನಿಂತು ಬೇಗ ಬೇಗ ಎಂದು ಅವಸರ ಮಾಡುತ್ತಿದ್ದರು. ನಿಮ್ಮಮ್ಮ ಇವರ ಕೈ ಹಿಡಿದು, "ಪುರುಷೋತ್ತಮಣ್ಣಾ, ಜಯದೇವಿ ನೋಡ್ಲಿಲ್ಲ, ಅವಳಿಗೊಂದು ಫೋಟ ತೆಕ್ಕೊಡಪ್ಪಾ" ಎಂದರು. ಸತ್ತವರ ಫೋಟೋ ಎಂದರೆ ಇವರು ಯಾವಾಗಲೂ ಎರಡು ತೆಗೆಯುತ್ತಾರೆ. ಒಂದು ಕೆಟ್ಟರೆ ಮತ್ತೆ ಬಂದು ಕೂತುಕೊಳ್ಳಿ ಎಂದು ಅವರನ್ನು ಕರೆಯುವ ಹಾಗಿಲ್ಲವಲ್ಲ. ಒಂದನ್ನು ನನ್ನ ಕೈಗೆ ಕೊಟ್ಟರು. ಇನ್ನೊಂದು ಹಾಗೇ ಉಳಿಯಿತು.

ಜಯೀ, ಅವನ ಎಡಗೆನ್ನೆ ಊದಿತ್ತು. ಕೆಳತುಟಿ ಸೀಳಿತ್ತು. ಕಿವಿಯ ಕೆಳಗಿಂದ ಕುತ್ತಿಗೆಗೆ ಒಂದು ಕಪ್ಪು ಬರೆ ಇಳಿದಿತ್ತು. ಲಿಂಗ ಹಿಡಿದ ಕೈಯ ಬೆರಳುಗಳು ದಪ್ಪವಾಗಿದ್ದವು, ಉಗುರುಗಳು ಕಪ್ಪಗಾಗಿದ್ದವು. ವಿಭೂತಿ ಹಚ್ಚಿದವರು ಕೆನ್ನೆಗೂ ಹಚ್ಚಿ ಮುಚ್ಚಲು ನೋಡಿದ್ದರು, ಕ್ಯಾಮೆರಾದಲ್ಲಿ ಎಲ್ಲ ಕಾಣುತ್ತಿತ್ತು.

ನಾನು ಪೆನ್ಸಿಲ್ ಚೂಪು ಮಾಡಿಕೊಂಡು ಒಂದೊಂದನ್ನೇ ಅಳಿಸಿದೆ. ಸತ್ತವರ ಮನೆಯವರು ಕೇಳುವಂತೆ, ನಾವು ಯಾವಾಗಲೂ ಮಾಡಿಕೊಡುವಂತೆ, ಮುಚ್ಚಿದ ಕಣ್ಣನ್ನು ತೆರೆದ ಹಾಗೆ ಬರೆದೆ. ತಪ್ಪು ಮಾಡಿದೆ ಎಂದು ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಬಾಣಂತಿಗೆ ಕಳಿಸುವ ಫೋಟೋ, ಹೆತ್ತ ತಾಯಿ ದಿನಾ ನೋಡುವ ಫೋಟೋ. ಕೆಲಸ ಮಾಡುವಾಗ ಅಳು ಬಂದು ನೆಗೆಟಿವ್ ಹಾಳಾದೀತೆಂದು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಕೂತೆ. ನನ್ನ ಕೈಯಿಂದ ಅಷ್ಟು ಚೆನ್ನಾಗಿ ಬಂದ ಕೆಲಸ ಇನ್ನೊಂದಿಲ್ಲ. ಈಗ ಬಂದಿರುವ ತೊಂದರೆಯೂ ಅದರಿಂದಲೇ.

ಚುನಾವಣೆ ಆಗಿ ಡೆಲ್ಲಿಯಲ್ಲಿ ಸರ್ಕಾರ ಬದಲಾದ ಮೇಲೆ ಜನಕ್ಕೆ ಬಾಯಿ ಬಂತು. ಚನ್ನವೀರನ ಜೊತೆ ಕಾರ್ಖಾನೆಯ ಲೇತ್ ಮಿಷನ್ನಿನಲ್ಲಿ ಕೆಲಸ ಮಾಡುತ್ತಿದ್ದ ಹನುಮಂತಯ್ಯ ಓಡಾಡಿ, ಅವನ ಸಾವಿನ ವಿಚಾರಣೆ ಆಗಬೇಕೆಂದು ನಿಮ್ಮಮ್ಮನ ಕೈಯಿಂದ ಅರ್ಜಿ ಹಾಕಿಸಿದ. ನಾವು ಯಾರೂ ನಂಬಿರಲಿಲ್ಲ, ಆದರೆ ಒಬ್ಬ ಅಧಿಕಾರಿಯನ್ನು ನೇಮಿಸಿ ಕರೆದೇಬಿಟ್ಟರು. ನಿಮ್ಮಮ್ಮ, ಹನುಮಂತಯ್ಯ, ನಾನು, ಇವರು ಮೆಜೆಸ್ಟಿಕ್ಕಿನವರೆಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ನಡೆದೆವು. ಅಧಿಕಾರಿ ವಯಸ್ಸಾದವರು, ಮರ್ಯಾದಸ್ಥರು. ನಿಮ್ಮಮ್ಮನಿಗೆ ಮೊದಲು ಕುರ್ಚಿ ಹಾಕಿಸಿದರು.

ಪೊಲೀಸರ ಕಡೆಯ ವಕೀಲ ಎದ್ದು ನಿಂತು ಒಂದು ಪೇಪರ್ ತುಂಡು ತೆಗೆದ. ಏನೆಂದುಕೊಂಡೆ? ಹೋದ ತಿಂಗಳು ವರ್ಷದ ಪುಣ್ಯತಿಥಿಗೆ ನಾವೇ ಪೇಪರಿನಲ್ಲಿ ಹಾಕಿಸಿದ್ದ ಅವನ ಫೋಟೋ. "ಸ್ವಾಮಿ, ಇದು ಮನೆಯವರೇ ಹಾಕಿಸಿದ್ದು, ಪೇಟ, ವಿಭೂತಿ ನೋಡಿ, ಸತ್ತ ದಿನವೇ ತೆಗೆದದ್ದು. ಹೊಡೆದಿದ್ರೆ ಮುಖ ಹೀಗಿರ್ತಿತ್ತಾ? ಒಂದು ಗೀರಾದ್ರೂ ತೋರಿಸ್ಲಿ" ಎಂದ. ನನ್ನ ಮೈ ಉರಿದುಹೋಯಿತು. ನನ್ನ ಕೈಕೆಲಸವನ್ನು ನನ್ನ ಮುಂದೆಯೇ ಹಿಡಿದು ಹೀಗೆ ಹೇಳಿದರೆ ಹೇಗಾಗಬೇಡ! ಯಾರೂ ಕೇಳದಿದ್ದರೂ ಎದ್ದು, "ಸಾರ್, ಅದು ನಾನು ತಿದ್ದಿದ ಮುಖ. ತಿದ್ದದೇ ಇರೋದು ಇನ್ನೊಂದಿದೆ" ಎಂದುಬಿಟ್ಟೆ. ಪಕ್ಕದಲ್ಲಿ ಇವರ ಮುಖ ಬಿಳಿಚಿಕೊಂಡಿತು. ಅಧಿಕಾರಿಗಳು ಮುಂದಿನ ಸಲ ಅದನ್ನು ತನ್ನಿ ಎಂದರು.

ಮನೆಗೆ ಬಂದ ಮೇಲೆ ಇವರು, "ಅದಿಲ್ಲ, ಹಾಳಾಗಿಹೋಯ್ತು" ಎಂದರು. ನಾನು ಮಾತು ಬಿಟ್ಟೆ. ಅನ್ನ ಬಡಿಸುತ್ತಿದ್ದೆ, ಮಾತಾಡುತ್ತಿರಲಿಲ್ಲ. ಇವರನ್ನು ಹೇಡಿ ಎಂದುಕೊಳ್ಳಬೇಡ ಜಯೀ. ಸ್ಟುಡಿಯೋ ನಡೆಯುವುದು ಕಚೇರಿಗಳ ಕೆಲಸದಿಂದ, ಠಾಣೆಯವರು ಹಾದುಹೋಗುವುದು ನಮ್ಮ ಬಾಗಿಲ ಮುಂದೆಯೇ. ಸರ್ಕಾರ ಬದಲಾಗಬಹುದು, ಆ ಪೇದೆಗಳು ಬದಲಾಗಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಕ್ಯಾಮೆರಾ ಸ್ಟ್ಯಾಂಡಿನ ಕರಿಬಟ್ಟೆಯಲ್ಲಿ ಸುತ್ತಿದ್ದ ನೆಗೆಟಿವ್ ತಂದು ನನ್ನ ಡೆಸ್ಕಿನ ಮೇಲಿಟ್ಟರು. "ಸುಟ್ಬಿಡೋಣ ಅಂತ ಎಷ್ಟೋ ಸಲ ತೆಗ್ದೆ ಕಣೇ. ಆಗ್ಲಿಲ್ಲ. ಆ ಹುಡುಗ ನಮ್ಮನೆ ಹಿತ್ಲಲ್ಲೇ ಅಲ್ವಾ ಬೆಳೆದಿದ್ದು" ಎಂದರು. ಅವತ್ತು ಅವರಿಗೆ ಇಷ್ಟವೆಂದು ಶಾವಿಗೆ ಉಪ್ಪಿಟ್ಟು ಮಾಡಿದೆ.

ಎರಡನೇ ಸಲ ಹೋದಾಗ ಎರಡು ಫೋಟೋಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಇನ್ನೇನು ಮುಗಿಯಿತು ಎಂದುಕೊಂಡೆ, ನನ್ನಷ್ಟು ಪೆದ್ದಿ ಯಾರೂ ಇಲ್ಲ. ವಕೀಲ ಎರಡನ್ನೂ ನಿಧಾನವಾಗಿ ನೋಡಿ ಬಹಳ ಗೌರವದಿಂದ ಕೇಳಿದ: "ಇದರಲ್ಲಿ ಕಣ್ಣು ಬರೆದಿರೋದು ನೀವೇ ಅಲ್ವಾ ಅಮ್ಮಾ?"

"ಹೌದು ಸಾರ್."

"ಬಹಳ ಚೆನ್ನಾಗಿದೆ. ಜೀವಂತ ಇದ್ದಂಗೇ ಇದೆ. ಹಾಗಾದ್ರೆ ನಿಮಗೆ ಗಾಯ ಬರೆಯೋಕೂ ಬರುತ್ತೆ?"

ಬರುವುದಿಲ್ಲ ಎಂದರೆ ಸುಳ್ಳು. "ಬರುತ್ತೆ. ಆದ್ರೆ ನಾನು ಬರೆದಿಲ್ಲ" ಎಂದೆ. ಬರುತ್ತೆ ಎಂದದ್ದನ್ನು ಗುಮಾಸ್ತ ತಕ್ಷಣ ಬರೆದುಕೊಂಡ. ಆಮೇಲೆ ಹೇಳಿದ್ದನ್ನು ಬರೆದುಕೊಂಡನೋ ಇಲ್ಲವೋ ನನಗೆ ಕಾಣಲಿಲ್ಲ. ವಕೀಲ ಆ ಕೆಂಗೇರಿ ಶಿಬಿರದ ಫೋಟೋವನ್ನೂ ತಂದಿದ್ದ. ಈ ನಗು ಯಾರದು ಎಂದ. ನನ್ನದೇ ಎಂದೆ. ಯಾರೋ ಹಿಂದೆ ಕಿಸಕ್ಕನೆ ನಕ್ಕರು.

ಅಧಿಕಾರಿಗಳು ಮಾತ್ರ ನಗಲಿಲ್ಲ. ಯಾವುದರ ಮೇಲೆ ಕೈಯಾಡಿದೆ, ಯಾವುದರ ಮೇಲಿಲ್ಲ ಎಂಬುದನ್ನು ತಜ್ಞರ ಹತ್ತಿರ ಕಳಿಸಿ ತಿಳಿಯಬಹುದು, ಅದು ದೊಡ್ಡ ಮಾತಲ್ಲ ಎಂದರು. ಆದರೆ ಆ ಫೋಟೋದಲ್ಲಿರುವುದು ಚನ್ನವೀರನೇ ಎಂದು ಹೇಳುವವರು ಬೇಕು. ಮುಖ ಅಷ್ಟು ಊದಿದೆ, ಪೇಟ ಹುಬ್ಬಿನವರೆಗೆ ಇಳಿದಿದೆ. ಹನುಮಂತಯ್ಯ ಅವನೇ ಎಂದ. ಅವನು ಯೂನಿಯನ್ನಿನವನು, ಅವನ ಮಾತು ಬೇಡ ಎಂದ ವಕೀಲ. ನನ್ನ, ಇವರ ಮಾತಿಗೂ ಅದೇ ಗತಿಯಾಯಿತು. ಸ್ನಾನ ಮಾಡಿಸಿದ ನಿಮ್ಮ ಕಡೆಯ ಗಂಡಸರನ್ನು ಹನುಮಂತಯ್ಯ ಮೊದಲೇ ಹೋಗಿ ಕೇಳಿದ್ದ, ನಮಗೆ ಏನೂ ನೆನಪಿಲ್ಲ ಎಂದಿದ್ದರು. ಉಳಿದವರು ನಿಮ್ಮಮ್ಮ.

ಫೋಟೋವನ್ನು ಅವರ ಕೈಗೆ ಕೊಟ್ಟರು. ನಾನು ಅಲ್ಲಿಯವರೆಗೂ ಅದನ್ನು ಅವರಿಗೆ ತೋರಿಸಿರಲಿಲ್ಲ, ತೋರಿಸಲು ಧೈರ್ಯ ಬಂದಿರಲಿಲ್ಲ. ಸೆರಗಿನಿಂದ ಕನ್ನಡಕ ಒರೆಸಿಕೊಂಡು ನೋಡಿದರು, ಬೆಳಕಿಗೆ ಹಿಡಿದು ನೋಡಿದರು. "ಇವನು ನಿಮ್ಮ ಮಗನೇನಮ್ಮಾ?" ಎಂದು ಅಧಿಕಾರಿಗಳು ಮೆಲ್ಲಗೆ ಕೇಳಿದರು.

"ಅಲ್ರೀ ಸ್ವಾಮಿ" ಎಂದರು.

ಹನುಮಂತಯ್ಯ, "ಅವ್ವಾ, ಸರಿಯಾಗಿ ನೋಡ್ರವ್ವಾ" ಎಂದು ಎದ್ದ. ಅವನನ್ನು ಕೂರಿಸಿದರು. ನಿಮ್ಮಮ್ಮ ಫೋಟೋವನ್ನು ಮೇಜಿನ ಮೇಲಿಟ್ಟು ಹೇಳಿದರು: "ಇದು ಯಾರ ಮಗನೋ ಪಾಪ. ಹಿಂಗ್ ಹೊಡೆದಾರಲ್ಲ, ಅವರಿಗೆ ಕೈ ಹೆಂಗ್ ಬಂತೋ. ನನ್ನ ಮಗ ಮನೇಲಿದಾನೆ. ಕಣ್ಣು ಬಿಟ್ಕೊಂಡು ನೋಡ್ತಾನೆ."

ವಕೀಲ ತನ್ನ ಕಾಗದಗಳನ್ನು ಜೋಡಿಸಿ ಚೀಲಕ್ಕೆ ಹಾಕಿಕೊಂಡ. ಅವನ ಕೆಲಸ ಆಗಿಹೋಗಿತ್ತು.

ಬಸ್ಸಿನಲ್ಲಿ ನಿಮ್ಮಮ್ಮ ನನ್ನ ಪಕ್ಕ ಕೂತಿದ್ದರು. ಮಾಗಡಿ ರಸ್ತೆ ದಾಟುವಾಗ, "ಅಂಬುಜವ್ವಾ, ಆ ಹುಡುಗನ ತಾಯಿಗೆ ಹೇಳಿದಾರೇನು?" ಎಂದರು. ನಾನು ಕಿಟಕಿಯ ಕಡೆ ತಿರುಗಿ ಕೂತೆ. ಅವರು ಬೇಕೆಂದೇ ಹಾಗೆ ಹೇಳಿದರೋ, ನಿಜವಾಗಿಯೂ ಗುರುತು ಸಿಗಲಿಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವತ್ತು ಹೆಣದ ಮುಂದೆ ಕೂತು ಆ ಕೆನ್ನೆ ಸವರಿದವರು ಅವರೇ. ಒಂದು ವರ್ಷ ದಿನಾ ನನ್ನ ಫೋಟೋ ನೋಡಿ ನೋಡಿ ಆ ಮುಖ ಅವರಿಂದ ದೂರವಾಯಿತೇನೋ. ಕೇಳುವ ಧೈರ್ಯ ನನಗಿಲ್ಲ.

ಅಧಿಕಾರಿಗಳು ಅರ್ಜಿಯನ್ನು ಇನ್ನೂ ಮುಚ್ಚಿಲ್ಲ. "ಒಡಹುಟ್ಟಿದವರು ಯಾರಾದ್ರೂ ಇದಾರಾ?" ಎಂದು ಕೇಳಿದರು. ಅಕ್ಕ ಇದ್ದಾಳೆ ಎಂದು ಹನುಮಂತಯ್ಯ ಹೇಳಿದ. ಆಗಸ್ಟ್ ಹದಿನೆಂಟಕ್ಕೆ ನಿನ್ನನ್ನು ಕರೆತರಲು ಹೇಳಿದ್ದಾರೆ. ಅವತ್ತು ಯಾರೂ ಹೇಳದಿದ್ದರೆ ಚನ್ನವೀರ ಎದೆ ನಿಂತು ಸತ್ತ ಎಂದು ಬರೆದು ಮುಗಿಸುತ್ತಾರೆ.

ಬಾ ಜಯೀ. ನಾನು ಬೇಡಿಕೊಳ್ಳುತ್ತಿದ್ದೇನೆ. ಫೋಟೋವನ್ನು ಅಂಚೆಯಲ್ಲಿ ಕಳಿಸುತ್ತಿಲ್ಲ, ನೀನು ಅದನ್ನು ಒಬ್ಬಳೇ ನೋಡಬಾರದು. ಇಲ್ಲಿಗೆ ಬಂದು ನನ್ನ ಡೆಸ್ಕಿನ ಪಕ್ಕ ಕೂತು ನೋಡು. ನಾನು ಇರುತ್ತೇನೆ. ನೋಡಿದ ಮೇಲೆ ನಿನಗೂ ಅವನಲ್ಲ ಎನಿಸಿದರೆ ಹಾಗೇ ಹೇಳು, ನಾನು ಒಂದು ಮಾತೂ ಆಡುವುದಿಲ್ಲ. ನಿನ್ನ ಯಜಮಾನರು ಒಪ್ಪದಿದ್ದರೆ ಬರೆ, ಇವರೇ ರಾಣೆಬೆನ್ನೂರಿಗೆ ಬಂದು ಕೇಳುತ್ತಾರಂತೆ. ಠಾಣೆಯ ಮುಂದೆ ಹೋಗಲು ಹೆದರುವ ಮನುಷ್ಯ ನಿಮ್ಮ ಮನೆಯವರನ್ನು ಎದುರಿಸಲು ತಯಾರಾಗಿದ್ದಾರೆ ಎಂದರೆ ನೋಡು!

ಪುಟ್ಟಿಯನ್ನು ಕರೆದುಕೊಂಡೇ ಬಾ. ಅಜ್ಜಿಗೆ ಅವಳ ಹಲ್ಲು ತೋರಿಸಬೇಕು. ಅವಳಿಗೆ ಒಂದು ಫೋಟೋ ತೆಗೆಯೋಣ, ನಾನು ಪೆನ್ಸಿಲ್ ಮುಟ್ಟುವುದಿಲ್ಲ. ನಿಮ್ಮತ್ತೆಗೆ ನಮಸ್ಕಾರ ಹೇಳು. ನೀನು, ನಿನ್ನ ಮನೆ, ಮಗು ನೂರು ಕಾಲ ಚೆನ್ನಾಗಿರಿ.

ನಿನ್ನ
ಅಂಬುಜಕ್ಕ

ತಾ.ಕ.: ಕಾಗದ ಮಡಿಚಿ ಅಂಟು ಹಚ್ಚಬೇಕೆನ್ನುವಾಗ ಮತ್ತೆ ಬಿಚ್ಚಿದೆ. ಇದನ್ನು ನಿನಗೆ ಹೇಳದೆ ಬಾ ಎನ್ನುವುದು ಸರಿಯಲ್ಲ. ಫ್ಲ್ಯಾಶ್ ಹೊಡೆದರೆ ಸಾಕು, ಚನ್ನವೀರ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಎಷ್ಟು ಹುಡುಕಿದರೂ ಅವನು ಕಣ್ಣು ತೆರೆದಿರುವ ಒಂದು ಫೋಟೋ ನಮ್ಮಲ್ಲಿ ಸಿಗಲಿಲ್ಲ. ನಿಮ್ಮಿಬ್ಬರ ಕಣ್ಣು ಒಂದೇ ಎಂದು ಎಲ್ಲರೂ ಹೇಳುತ್ತಿದ್ದರಲ್ಲ, ಅದಕ್ಕೆ ನಿನ್ನ ಮದುವೆ ಫೋಟೋ ಎದುರಿಗಿಟ್ಟುಕೊಂಡು ಬರೆದೆ. ಆ ಕಣ್ಣುಗಳು ನಿನ್ನವು ಜಯೀ. ನಿಮ್ಮಮ್ಮ ವರ್ಷದಿಂದ ಮಗನೆಂದು ಮಾತಾಡಿಸುತ್ತಿರುವುದು ನಿನ್ನ ಕಣ್ಣನ್ನು. ಈಗ ನೀನು ಬಂದು ಅವರ ಎದುರು ನಿಂತು, ಹೊಡೆತ ತಿಂದು ಕಣ್ಣು ಮುಚ್ಚಿದವನೇ ನನ್ನ ತಮ್ಮ ಎಂದು ಹೇಳಬೇಕು. ನೀನು ಹೇಳಿದರೆ ನಿಮ್ಮಮ್ಮ ನಂಬುತ್ತಾರೆ. ನಂಬಿದ ಮಾರನೆಯ ದಿನ ಬೆಳಗ್ಗೆ ಅವರು ಯಾರ ಮುಂದೆ ಕೂತು ಮಾತಾಡುತ್ತಾರೆ, ನನಗೆ ಗೊತ್ತಿಲ್ಲ. ಆದರೂ ಬಾ.